ಮೊದಲ ಸ್ಲೈಡ್‌ನಲ್ಲೇ ‘ಅಪ್ಲಿಕೇಶನ್’ ಯಾಕೆ ಬೇಕು?

ಮೂರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಒಂದು ಐಡಿಯಾ ತಗೊಂಡು ಹೋಗಿದ್ವಿ. ಇಡ್ಲಿ ಹಿಟ್ಟು ರಾತ್ರಿಯೆಲ್ಲಾ ಹೇಗೆ ಉಬ್ಬುತ್ತೆ ಅಂತ ಅಳೆಯೋದು. ಪಾತ್ರೆಯ ಮುಚ್ಚಳಕ್ಕೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಪಕ್ಕದಲ್ಲಿ ಒಂದು ಟೆಂಪರೇಚರ್ ಸೆನ್ಸರ್, ಐದು ನಿಮಿಷಕ್ಕೊಂದು ರೀಡಿಂಗ್. ಚಳಿಗಾಲ ಬಂದರೆ ಸಾಕು, ಹಿಟ್ಟು ಉಬ್ಬಿಲ್ಲ ಅಂತ ನಮ್ಮಮ್ಮ ಬೆಳಿಗ್ಗೆ ಎದ್ದ ತಕ್ಷಣ ಗೊಣಗ್ತಾರೆ. ನನಗೆ ಕುತೂಹಲ ಇದ್ದದ್ದು ಇಷ್ಟೇ: ಎಷ್ಟು ಡಿಗ್ರಿ ಕಮ್ಮಿಯಾದರೆ ಎಷ್ಟು ಗಂಟೆ ತಡ ಆಗುತ್ತೆ? ಹಿಟ್ಟು ಒಂದೇ ಸಮನೆ ಮೇಲೆ ಬರುತ್ತಾ, ಇಲ್ಲ ಒಂದಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ದಿಢೀರ್ ಅಂತ ಏರುತ್ತಾ?

ರಿವ್ಯೂ ದಿನ ಎರಡನೇ ಸ್ಲೈಡ್ ದಾಟೋಕೆ ಆಗಲಿಲ್ಲ. ‘ಇದರ ಅಪ್ಲಿಕೇಶನ್ ಏನಮ್ಮ?’ ಅಂತ ಕೇಳಿದರು. ‘ತಿಳ್ಕೊಳ್ಳೋಕೆ ಸರ್’ ಅಂದೆ. ಹಿಂದಿನ ಬೆಂಚಿನವರು ನಕ್ಕರು. ಹೊರಗೆ ಬಂದು ಟೀಮ್‌ನವರು ಹತ್ತು ನಿಮಿಷ ಮಾತಾಡಿ ‘ಸ್ಮಾರ್ಟ್ ಡಸ್ಟ್‌ಬಿನ್’ ಮಾಡೋದು ಅಂತ ತೀರ್ಮಾನ ಮಾಡಿದ್ವಿ. ಕೈ ತೋರಿಸಿದರೆ ಮುಚ್ಚಳ ತೆಗೆಯೋ ಡಸ್ಟ್‌ಬಿನ್. ಸೆನ್ಸರ್ ಅದೇ, ಬೋರ್ಡ್ ಅದೇ. ನಮ್ಮ ಸೆಕ್ಷನ್‌ನಲ್ಲಿ ಅದು ಮೂರನೇ ಸ್ಮಾರ್ಟ್ ಡಸ್ಟ್‌ಬಿನ್. ಮಾರ್ಕ್ಸ್ ಚೆನ್ನಾಗೇ ಬಂತು.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ. ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಸೈನ್ಸ್ ಬಗ್ಗೆ ಕನ್ನಡದಲ್ಲಿ ಇಷ್ಟುದ್ದ ಬರೀತಾ ಇರೋದು ಇದೇ ಮೊದಲು. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಪ್ರಾಜೆಕ್ಟ್ ಹೋದರೂ ಪ್ರಶ್ನೆ ಹೋಗಲಿಲ್ಲ. ಹಿಟ್ಟು ಉಬ್ಬಿಸೋದು ಯಾರು ಅಂತ ಹುಡುಕೋಕೆ ಕೂತೆ. ಯೀಸ್ಟ್ ಅಂತ ಅಂದ್ಕೊಂಡಿದ್ದೆ. ಓದಿದ ಮೇಲೆ ಗೊತ್ತಾಯ್ತು, ಇಡ್ಲಿ ಹಿಟ್ಟಿನಲ್ಲಿ ಯೀಸ್ಟ್‌ಗಳೂ ಇರ್ತವೆ, ಆದರೆ ಹುಳಿ ಮಾಡಿ ಉಬ್ಬಿಸೋ ಕೆಲಸದಲ್ಲಿ ದೊಡ್ಡ ಪಾಲು ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾಗಳದ್ದು. ಬ್ರೆಡ್ಡು, ಬನ್ನು ಉಬ್ಬಿಸೋದು ಯೀಸ್ಟ್. ಹೀಗೆ ಒಂದರಿಂದ ಒಂದಕ್ಕೆ ಹೋಗ್ತಾ ಯೀಸ್ಟ್ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬ ವಿಜ್ಞಾನಿಯ ಕತೆ ಸಿಕ್ಕಿತು. ಹೆಸರು ರ‍್ಯಾಂಡಿ ಶೆಕ್‌ಮನ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಮಾಲಿಕ್ಯುಲರ್ ಮತ್ತು ಸೆಲ್ ಬಯಾಲಜಿ ಪ್ರೊಫೆಸರ್. 2013ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು, ಜೇಮ್ಸ್ ರಾತ್‌ಮನ್ ಮತ್ತು ಥಾಮಸ್ ಸುಡಾಫ್ ಜೊತೆ ಹಂಚಿಕೊಂಡು. ಅವರ ಕತೆ ಓದಿದ ಮೇಲೆ, ರಿವ್ಯೂನಲ್ಲಿ ಕೇಳಿದ ಪ್ರಶ್ನೆಯೇ ತಪ್ಪಾದ ಹೊತ್ತಿಗೆ ಕೇಳಿದ ಪ್ರಶ್ನೆ ಅಂತ ನನಗೆ ಅನ್ನಿಸ್ತು. ಅದನ್ನೇ ಇಲ್ಲಿ ವಾದಿಸೋಕೆ ಹೊರಟಿದ್ದೀನಿ.

ಶೆಕ್‌ಮನ್ ಹುಟ್ಟಿದ್ದು 1948ರಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದಲ್ಲಿ. ಆಮೇಲೆ ಮನೆಯವರೆಲ್ಲ ಕ್ಯಾಲಿಫೋರ್ನಿಯಾಗೆ ಬಂದರು. ಅಪ್ಪ ನಮ್ಮ ಹಾಗೇ ಎಂಜಿನಿಯರ್. ಹುಡುಗನಿಗೆ ಕೆರೆ ನೀರನ್ನು ಆಟದ ಮೈಕ್ರೋಸ್ಕೋಪ್‌ನಲ್ಲಿ ನೋಡೋ ಹುಚ್ಚು. ಒಳ್ಳೇ ಮೈಕ್ರೋಸ್ಕೋಪ್ ಬೇಕು ಅಂತ ಅಕ್ಕಪಕ್ಕದವರ ಮನೆ ಹುಲ್ಲು ಕತ್ತರಿಸಿ ದುಡ್ಡು ಕೂಡಿಡ್ತಾ ಇದ್ದ. ಆದರೆ ಕೂಡಿಟ್ಟ ದುಡ್ಡಲ್ಲಿ ಅಮ್ಮ ಆಗಾಗ ಸಾಲ ತಗೊಳ್ಳೋರು. ನಮ್ಮ ಪಿಗ್ಮಿ ಡಬ್ಬಿ ಕತೆ ಎಲ್ಲಾ ದೇಶದಲ್ಲೂ ಒಂದೇ ಅನ್ಸುತ್ತೆ! ಒಂದು ಶನಿವಾರ ಸಿಟ್ಟು ಬಂದು ಸೈಕಲ್ ಹತ್ತಿ ನೇರ ಪೊಲೀಸ್ ಸ್ಟೇಷನ್‌ಗೆ ಹೋಗಿ, ಅಮ್ಮ ದುಡ್ಡು ತಗೊಂಡಿದ್ದಾಳೆ, ಮೈಕ್ರೋಸ್ಕೋಪ್ ಕೊಳ್ಳೋಕಾಗ್ತಿಲ್ಲ, ಅದಕ್ಕೇ ಮನೆ ಬಿಟ್ಟು ಬಂದೆ ಅಂತ ಹೇಳಿದನಂತೆ. ಅಪ್ಪ ಬಂದು ಕರ್ಕೊಂಡು ಹೋದರು. ಅವತ್ತೇ ಗಿರವಿ ಅಂಗಡಿಯಿಂದ 100 ಡಾಲರ್‌ಗೆ ಒಂದು ಮೈಕ್ರೋಸ್ಕೋಪ್ ಮನೆಗೆ ಬಂತು. ಆ ಮೈಕ್ರೋಸ್ಕೋಪ್ ಈಗ ಸ್ಟಾಕ್‌ಹೋಮ್‌ನ ನೊಬೆಲ್ ಮ್ಯೂಸಿಯಂನಲ್ಲಿದೆ. ಡಾಕ್ಟರ್ ಆಗ್ತೀನಿ ಅಂತ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಸೇರಿದವರು ಅಲ್ಲಿ ಲ್ಯಾಬ್ ರುಚಿ ಹತ್ತಿ ಡಾಕ್ಟರ್ ಆಸೆ ಬಿಟ್ಟರು. ಪಿಎಚ್‌ಡಿ ಮಾಡಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ, ಡಿಎನ್‌ಎ ತಯಾರಿಸೋ ಎನ್‌ಜೈಮ್ ಕಂಡುಹಿಡಿದಿದ್ದ ನೊಬೆಲ್ ವಿಜ್ಞಾನಿ ಆರ್ಥರ್ ಕಾರ್ನ್‌ಬರ್ಗ್ ಕೈಕೆಳಗೆ.

1976ರಲ್ಲಿ ಬರ್ಕ್ಲಿಯಲ್ಲಿ ಕೆಲಸ ಸಿಕ್ಕಿತು. ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಆರಿಸಿಕೊಂಡ ಪ್ರಶ್ನೆ ಇದು: ಜೀವಕೋಶ ತನ್ನೊಳಗೆ ತಯಾರಿಸಿದ ಪ್ರೋಟೀನನ್ನು ಹೊರಗೆ ಹೇಗೆ ಕಳಿಸುತ್ತೆ?

ಪ್ರಶ್ನೆ ಹೊಸದೇನಲ್ಲ. ಜಾರ್ಜ್ ಪಲಾಡಿ ಅನ್ನೋ ವಿಜ್ಞಾನಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಮೇದೋಜೀರಕ ಗ್ರಂಥಿಯ ಕೋಶಗಳನ್ನು ನೋಡಿ ದಾರಿ ಗುರುತಿಸಿದ್ದರು. ಪ್ರೋಟೀನ್‌ಗಳು ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಕೋಶದ ಅಂಚಿಗೆ ಬಂದು ಹೊರಗೆ ಬೀಳ್ತವೆ. ಇದಕ್ಕೆ ಪಲಾಡಿಗೆ 1974ರಲ್ಲಿ ನೊಬೆಲ್ ಬಂದಿತ್ತು. ಅಂದರೆ ರೂಟ್ ಮ್ಯಾಪ್ ಇತ್ತು. ಆದರೆ ಬಸ್ಸು ಓಡಿಸೋರು ಯಾರು, ಸ್ಟಾಪ್ ಬಂದಾಗ ನಿಲ್ಲಿಸೋರು ಯಾರು, ಬಾಗಿಲು ತೆಗೆಯೋರು ಯಾರು ಅನ್ನೋದು ಗೊತ್ತಿರಲಿಲ್ಲ.

ಇದನ್ನು ಹುಡುಕೋಕೆ ಶೆಕ್‌ಮನ್ ಆರಿಸಿಕೊಂಡಿದ್ದು ಬೇಕರಿ ಯೀಸ್ಟ್. ಯಾಕೆ ಅದು? ಒಂದೇ ಕೋಶದ ಜೀವಿ. ಸಕ್ಕರೆ ಹಾಕಿದರೆ ಸುಮಾರು ಒಂದೂವರೆ ಗಂಟೆಗೆ ಎರಡಾಗುತ್ತೆ. ಜೀನ್‌ಗಳನ್ನು ಕೆಡಿಸಿ ನೋಡೋದು ಸುಲಭ. ಸಿಯಾಟಲ್‌ನಲ್ಲಿ ಲೀಲಂಡ್ ಹಾರ್ಟ್‌ವೆಲ್ ಅನ್ನೋರು ಇದೇ ಯೀಸ್ಟ್ ಇಟ್ಟುಕೊಂಡು ಕೋಶ ಹೇಗೆ ವಿಭಜನೆ ಆಗುತ್ತೆ ಅಂತ ಕಂಡುಹಿಡೀತಾ ಇದ್ದರು. ಆದರೆ ಯೀಸ್ಟ್ ಹೊರಗೆ ಕಳಿಸೋದೇ ಸ್ವಲ್ಪ, ಅದರಲ್ಲಿ ಏನು ಕಲಿಯೋದು ಅನ್ನೋದು ಆಗಿನ ಅನೇಕರ ಅಭಿಪ್ರಾಯ. ಶೆಕ್‌ಮನ್‌ಗೆ ಯೀಸ್ಟ್ ಅನುಭವವೂ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹಾಕಿದ ಮೊದಲ ಅರ್ಜಿ ತಿರಸ್ಕಾರವಾಯ್ತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಟ್ಟ ಸಣ್ಣ ಅನುದಾನದಿಂದ ಕೆಲಸ ಶುರು ಆಯ್ತು. ಅಂದರೆ ಅವರಿಗೂ ಒಂದು ರಿವ್ಯೂ ಪ್ಯಾನೆಲ್ ಇತ್ತು!

ಮುಂದಿನದು ನಮ್ಮಂಥ ಎಂಜಿನಿಯರಿಂಗ್‌ನವರಿಗೆ ತುಂಬಾ ಇಷ್ಟ ಆಗೋ ಭಾಗ. ಯಾಕಂದ್ರೆ ಅವರು ಮಾಡಿದ್ದು ಡೀಬಗ್ಗಿಂಗ್, ಆದರೆ ಉಲ್ಟಾ. ನಾವು ಬಗ್ ಇರೋ ಕೋಡ್ ಸರಿ ಮಾಡ್ತೀವಿ. ಅವರು ಸರಿಯಾಗಿ ಓಡ್ತಾ ಇರೋ ಕೋಡ್‌ನಲ್ಲಿ ಒಂದೊಂದೇ ಸಾಲು ಕೆಡಿಸಿ, ಎಲ್ಲಿ ನಿಲ್ಲುತ್ತೆ ಅಂತ ನೋಡಿದರು. ಒಂದು ತೊಂದರೆ ಇತ್ತು. ಹೊರಗೆ ಕಳಿಸೋ ವ್ಯವಸ್ಥೆ ಕೆಟ್ಟರೆ ಕೋಶ ಬೆಳೆಯೋಕೇ ಆಗಲ್ಲ, ಸತ್ತು ಹೋಗುತ್ತೆ. ಸತ್ತದ್ದನ್ನು ಇಟ್ಟುಕೊಂಡು ಏನು ಮಾಡೋದು? ಅದಕ್ಕೆ ಅವರೂ, ಪಿಎಚ್‌ಡಿ ವಿದ್ಯಾರ್ಥಿ ಪೀಟರ್ ನೋವಿಕ್ ಅವರೂ ಹಾರ್ಟ್‌ವೆಲ್ ಬಳಸಿದ್ದ ಉಪಾಯವನ್ನೇ ಬಳಸಿದರು. ಸುಮಾರು 25 ಡಿಗ್ರಿಯಲ್ಲಿ ಆರಾಮಾಗಿ ಬೆಳೆಯೋ, 37 ಡಿಗ್ರಿಗೆ ಹೋದರೆ ಮಾತ್ರ ಕೆಡೋ ಯೀಸ್ಟ್‌ಗಳನ್ನು ಹುಡುಕೋದು. ಒಂಥರಾ ಉಷ್ಣಾಂಶದ ಸ್ವಿಚ್. ತಂಪಲ್ಲಿ ಬೆಳೆಸು, ಬಿಸಿ ಮಾಡು, ಎಲ್ಲಿ ಜಾಮ್ ಆಯ್ತು ನೋಡು.

ಮೊದಲು ಸಿಕ್ಕ ಯೀಸ್ಟನ್ನು ಬಿಸಿ ಮಾಡಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ, ಕೋಶದ ತುಂಬಾ ಪುಟ್ಟ ಚೀಲಗಳು! ಹೊರಗೆ ಹೋಗಬೇಕಾಗಿದ್ದ ಸರಕೆಲ್ಲ ಒಳಗೇ ಗುಡ್ಡೆ ಬಿದ್ದಿತ್ತು. ಹಬ್ಬದ ಹಿಂದಿನ ದಿನದ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಅಂದ್ಕೊಳ್ಳಿ. ಕೆಟ್ಟಿದ್ದ ಆ ಜೀನ್‌ಗೆ ‘ಸೆಕ್1’ ಅಂತ ಹೆಸರಿಟ್ಟರು. 1979ರಲ್ಲಿ ಪ್ರಕಟವಾಯ್ತು.

ಉಳಿದವನ್ನು ಹುಡುಕೋಕೆ ಒಂದು ಸರಳ ಗಮನಿಕೆ ದಾರಿ ಮಾಡ್ತು. ಹೊರಗೆ ಕಳಿಸೋಕಾಗದ ಕೋಶ ಒಳಗೆ ತಯಾರಿಸ್ತಾನೇ ಇರುತ್ತೆ, ಆದರೆ ಗಾತ್ರ ದೊಡ್ಡದಾಗಲ್ಲ. ಹಾಗಾಗಿ ಅದರ ಸಾಂದ್ರತೆ ಹೆಚ್ಚಾಗುತ್ತೆ. ಮರಳಿನ ಹಾಗಿರೋ ಸಿಲಿಕಾದ ಅತಿ ಸಣ್ಣ ಕಣಗಳ ದ್ರಾವಣದಲ್ಲಿ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಟ್ಟ ಕೋಶಗಳು ಕೆಳಗೆ ಬರ್ತವೆ. ನಮ್ಮಜ್ಜಿ ಬಿತ್ತನೆ ಬೀಜ ನೀರಿಗೆ ಹಾಕಿ, ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ ಅಂತ ಬೇರೆ ಮಾಡ್ತಿದ್ದರಲ್ಲ, ಅದೇ ತತ್ವ. 1980ರ ಹೊತ್ತಿಗೆ ಈ ದಾರಿಗೆ ಬೇಕಾದ 23 ಜೀನ್‌ಗಳ ಪಟ್ಟಿ ಕೈಯಲ್ಲಿತ್ತು. ಆಮೇಲೆ ಒಂದೇ ಯೀಸ್ಟ್‌ನಲ್ಲಿ ಎರಡೆರಡು ಜೀನ್ ಕೆಡಿಸಿ, ಜಾಮ್ ಯಾವ ಹಂತದಲ್ಲಿ ಕಾಣುತ್ತೆ ಅಂತ ನೋಡಿ, ಯಾವುದು ಮೊದಲು, ಯಾವುದು ನಂತರ ಅಂತಾನೂ ಜೋಡಿಸಿದರು. ಸರ್ಕ್ಯೂಟ್‌ನಲ್ಲಿ ಎಲ್ಲಿ ಕಟ್ ಆಗಿದೆ ಅಂತ ಮಲ್ಟಿಮೀಟರ್ ಹಿಡಿದು ಒಂದೊಂದೇ ಪಾಯಿಂಟ್ ಚೆಕ್ ಮಾಡ್ತೀವಲ್ಲ, ಹಾಗೆ.

ಇಲ್ಲಿ ತನಕ ಎಲ್ಲೂ ‘ಅಪ್ಲಿಕೇಶನ್’ ಬಂದಿಲ್ಲ, ಗಮನಿಸಿದ್ರಾ?

ಅದು ಬಂದಿದ್ದು ಆಮೇಲೆ. ರಾತ್‌ಮನ್ ಬೇರೆ ಕಡೆ, ಬೇರೆ ವಿಧಾನದಲ್ಲಿ, ಪ್ರಾಣಿಗಳ ಕೋಶದಿಂದ ಇದೇ ಸಾಗಣೆಯ ಪ್ರೋಟೀನ್‌ಗಳನ್ನು ಬೇರ್ಪಡಿಸ್ತಾ ಇದ್ದರು. ಅವರಿಗೆ ಸಿಕ್ಕ ಒಂದು ಮುಖ್ಯ ಪ್ರೋಟೀನ್ ಯೀಸ್ಟ್‌ನ ‘ಸೆಕ್18’ಗೆ ಜೋಡಿ ಅಂತ ಗೊತ್ತಾಯ್ತು. ಸುಡಾಫ್ ಮೆದುಳಿನ ನರಕೋಶಗಳಲ್ಲಿ ಹುಡುಕ್ತಾ ಇದ್ದಾಗ ಸಿಕ್ಕ ಒಂದು ಪ್ರೋಟೀನ್ ಯೀಸ್ಟ್‌ನ ‘ಸೆಕ್1’ಗೆ ನೆಂಟ. ನೀವು ಈ ಸಾಲು ಓದ್ತಾ ಇರುವಾಗ ನಿಮ್ಮ ನರಕೋಶಗಳು ಸಂದೇಶ ಕಳಿಸ್ತಾ ಇವೆಯಲ್ಲ, ಅದಕ್ಕೆ ಬಳಸ್ತಾ ಇರೋ ವ್ಯವಸ್ಥೆಯೂ ಬೇಕರಿ ಯೀಸ್ಟ್ ಬಳಸೋ ವ್ಯವಸ್ಥೆಯೂ ಒಂದೇ ಮನೆತನದ್ದು. 2006ರಲ್ಲಿ ಮಕ್ಕಳ ತಲೆಬುರುಡೆಯ ಮೂಳೆ ಸರಿಯಾಗಿ ಕೂಡದ ಒಂದು ಅಪರೂಪದ ಕಾಯಿಲೆಗೆ ಕಾರಣ ಹುಡುಕಿದಾಗ, ದೋಷ ಸಿಕ್ಕಿದ್ದು ‘ಸೆಕ್23’ರ ಮಾನವ ರೂಪದಲ್ಲಿ. ಯೀಸ್ಟ್‌ನಲ್ಲಿ ಆ ಜೀನ್‌ಗೆ ನಂಬರ್ ಕೊಟ್ಟು ಕಾಲು ಶತಮಾನ ಆಗಿತ್ತು.

ಇನ್ನು ಇನ್ಸುಲಿನ್. ಇದು ನನಗೆ ಸ್ವಲ್ಪ ಹತ್ತಿರದ ವಿಷಯ. ನಮ್ಮ ಮನೆ ಫ್ರಿಜ್ಜಲ್ಲಿ ಕೆಳಗಿನ ತಟ್ಟೆಯಲ್ಲಿ ಇಡ್ಲಿ ಹಿಟ್ಟು, ಬಾಗಿಲಲ್ಲಿ ಅಜ್ಜಿಯ ಇನ್ಸುಲಿನ್. ಅಜ್ಜಿ ಪ್ರತಿದಿನ ತಾವೇ ಚುಚ್ಚಿಕೊಳ್ತಾರೆ. ಹಿಂದೆ ಇನ್ಸುಲಿನ್ನನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೀತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಆಮೇಲೆ ಡೆನ್ಮಾರ್ಕ್‌ನ ನೋವೋ ಕಂಪನಿ ಅದನ್ನು ಯೀಸ್ಟ್‌ನಿಂದ ಮಾಡ್ತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದ ಮಾನವ ಇನ್ಸುಲಿನ್ ಕೂಡ ‘ಪಿಕಿಯಾ’ ಅನ್ನೋ ಇನ್ನೊಂದು ಜಾತಿಯ ಯೀಸ್ಟ್‌ನಿಂದ ಮಾಡಿದ್ದು. ಯೀಸ್ಟ್‌ನ ಅನುಕೂಲ ಏನು ಅಂದರೆ, ತಯಾರಾದ ಪ್ರೋಟೀನನ್ನು ಅದು ಕೋಶದ ಹೊರಗೆ ಕಳಿಸಬಲ್ಲದು. ಅಂದರೆ ಶೆಕ್‌ಮನ್ ಮ್ಯಾಪ್ ಮಾಡಿದ್ದ ಅದೇ ದಾರಿ. ಇನ್ಸುಲಿನ್ ಯೀಸ್ಟ್ ಮಾಡಿದವರು ಅವರೇ ಅಂತ ನಾನು ಹೇಳ್ತಿಲ್ಲ. ಅದು ಬೇರೆ ಎಷ್ಟೋ ಜನರ ಕೆಲಸ. ಆದರೆ ದಾರಿ ಗೊತ್ತಿದ್ದರೆ ತಾನೇ ಆ ದಾರಿಯಲ್ಲಿ ಸರಕು ಸಾಗಿಸೋದರ ಬಗ್ಗೆ ಯೋಚನೆ ಮಾಡೋಕಾಗೋದು?

ಈಗ ನೀವು ಕೇಳಬಹುದಾದ ಪ್ರಶ್ನೆಗಳು. ನನ್ನ ರೂಮ್‌ಮೇಟ್ ಆಗಲೇ ಕೇಳಿಯಾಯ್ತು.

ಒಂದು: ‘ನೊಬೆಲ್ ಬಂದೋರ ಕತೆ ಹೇಳಿ ವಾದ ಗೆಲ್ಲೋದು ಸುಲಭ. ಏನೂ ಸಿಗದೆ ಹೋದವರ ಕತೆ ಯಾರು ಬರೀತಾರೆ?’ ನಿಜ. ಕುತೂಹಲಕ್ಕೆ ಮಾಡಿದ ಕೆಲಸ ಎಲ್ಲವೂ ಇನ್ಸುಲಿನ್ ತನಕ ಬರಲ್ಲ. ಬಹುಪಾಲು ಬರಲ್ಲ. ನಮ್ಮ ಇಡ್ಲಿ ಹಿಟ್ಟಿನ ಪ್ರಾಜೆಕ್ಟ್ ಎಲ್ಲಿಗೂ ಹೋಗ್ತಿರಲಿಲ್ಲ ಅನ್ನೋದು ನನಗೂ ಗೊತ್ತು. ಆದರೆ ಮೂರನೇ ಸ್ಮಾರ್ಟ್ ಡಸ್ಟ್‌ಬಿನ್ ಎಲ್ಲಿಗೆ ಹೋಯ್ತು? ಅದು ಲ್ಯಾಬ್ ಬೀರು ಮೇಲಿದೆ. ಅಪ್ಲಿಕೇಶನ್ ಸ್ಲೈಡ್‌ನಲ್ಲಿ ‘ಸ್ಮಾರ್ಟ್ ಸಿಟಿ, ಆಸ್ಪತ್ರೆ, ವಿಮಾನ ನಿಲ್ದಾಣ’ ಅಂತ ಬರೆದಿದ್ವಿ. ಅದರಲ್ಲಿ ಒಂದನ್ನೂ ನಾವು ನಂಬಿರಲಿಲ್ಲ, ಕೇಳಿದವರೂ ನಂಬಿರಲಿಲ್ಲ. ಕೆಲಸ ಶುರು ಮಾಡೋ ಮೊದಲೇ ಉಪಯೋಗ ಕೇಳಿದರೆ ನಾವು ಕಲಿಯೋದು ಉಪಯೋಗ ಮಾಡೋದನ್ನಲ್ಲ, ಸುಳ್ಳು ಹೇಳೋದನ್ನ. ನನಗೆ ಬೇಜಾರಾಗಿದ್ದು ಇದಕ್ಕೇ.

ಎರಡು: ‘ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದಾರೆ, ನನಗೆ ಪ್ಲೇಸ್‌ಮೆಂಟ್ ಬೇಕು, ಕುತೂಹಲ ಅಲ್ಲ.’ ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಶೆಕ್‌ಮನ್ ಓದಿದ್ದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ, ಫೀಸು ಕಡಿಮೆ ಇದ್ದ ಕಾಲದಲ್ಲಿ. ಅಂಥ ವಿಶ್ವವಿದ್ಯಾಲಯಗಳು ಸಾಮಾನ್ಯರ ಕೈಗೆಟುಕಬೇಕು ಅಂತ ಅವರು ಈಗಲೂ ಹೋದ ಕಡೆಯೆಲ್ಲ ಹೇಳ್ತಾರೆ. ಸಾಲ ಇಲ್ಲದವರಿಗೆ ಕುತೂಹಲ ಪಡೋಕೆ ಧೈರ್ಯ ಜಾಸ್ತಿ ಅನ್ನೋದು ಒಪ್ಪಬೇಕಾದ ಮಾತೇ. ಆದರೆ ನಾನು ಕೇಳ್ತಾ ಇರೋದು ನಾಲ್ಕು ವರ್ಷ ಅಲ್ಲ, ಎಂಟು ಸೆಮಿಸ್ಟರ್‌ನಲ್ಲಿ ಒಂದು ಮಿನಿ ಪ್ರಾಜೆಕ್ಟ್. ಡೇಟಾ ತೆಗೆಯೋದು, ತಪ್ಪು ಹುಡುಕೋದು, ಗ್ರಾಫ್ ಓದೋದು ಕಲಿತರೆ ಇಂಟರ್‌ವ್ಯೂನಲ್ಲಿ ಅದೇನೂ ನಷ್ಟ ಅಲ್ಲ.

ಮೂರು: ‘ನಾವು ಎಂಜಿನಿಯರ್‌ಗಳು, ಉಪಯೋಗಕ್ಕೆ ಬರೋದು ಮಾಡೋದೇ ನಮ್ಮ ಕೆಲಸ.’ ಖಂಡಿತ. ಶೆಕ್‌ಮನ್ ಕೂಡ ಉಪಯೋಗದ ವಿರೋಧಿ ಅಲ್ಲ. ಅವರ ಪತ್ನಿ ನ್ಯಾನ್ಸಿ ವಾಲ್ಸ್ ಪಾರ್ಕಿನ್ಸನ್ ಕಾಯಿಲೆಯಿಂದ ಎಷ್ಟೋ ವರ್ಷ ನರಳಿ 2017ರಲ್ಲಿ ತೀರಿಕೊಂಡರು. ಆಮೇಲೆ ಅವರು ಪಾರ್ಕಿನ್ಸನ್ ಸಂಶೋಧನೆಗೆ ಹಣ ಕೊಟ್ಟು ಬೇರೆ ಬೇರೆ ದೇಶಗಳ ಲ್ಯಾಬ್‌ಗಳನ್ನು ಜೊತೆಗೂಡಿಸೋ ಒಂದು ದೊಡ್ಡ ಯೋಜನೆಯ ಮುಂದಾಳತ್ವ ವಹಿಸಿದರು. ಇದಕ್ಕಿಂತ ನೇರವಾದ ಉದ್ದೇಶ ಇನ್ನೇನಿರುತ್ತೆ? ಆದರೂ ಆ ಯೋಜನೆ ಹಣ ಹಾಕ್ತಾ ಇರೋದು ಕಾಯಿಲೆ ಮೂಲದಲ್ಲಿ ಹೇಗೆ ಶುರುವಾಗುತ್ತೆ ಅನ್ನೋ ಪ್ರಶ್ನೆಗೇ. ಯಾಕಂದ್ರೆ ಆ ಕಾಯಿಲೆಯನ್ನು ತಡೆಯೋ ಔಷಧಿ ಇನ್ನೂ ಇಲ್ಲ. ಎಲ್ಲಿ ಕೆಟ್ಟಿದೆ ಅಂತ ಗೊತ್ತಿಲ್ಲದೆ ರಿಪೇರಿ ಮಾಡೋಕಾಗಲ್ಲ ಅನ್ನೋದನ್ನ ಎಂಜಿನಿಯರ್‌ಗಳಿಗೆ ಬೇರೆ ಹೇಳಬೇಕಾ?

ಶೆಕ್‌ಮನ್ ಕತೆಯಲ್ಲಿ ಇನ್ನೊಂದು ವಿಷಯ ಇದೆ. ‘ಕುತೂಹಲ’ ಅಂದ ತಕ್ಷಣ ಬೇಕಾಬಿಟ್ಟಿ ಕೆಲಸ ಅಂತ ಅರ್ಥ ಅಲ್ಲ. ಅವರ ಪ್ರಶ್ನೆ ಒಂದೇ ಸಾಲಿನದ್ದು. ಉತ್ತರ ಸಿಕ್ಕಿತೋ ಇಲ್ಲವೋ ಅಂತ ತಿಳಿಯೋ ದಾರಿ ಮೊದಲೇ ಯೋಚಿಸಿದ್ದರು. 25 ಡಿಗ್ರಿಯಲ್ಲಿ ಸರಿ ಇದ್ದು 37ರಲ್ಲಿ ಕೆಟ್ಟರೆ ಮಾತ್ರ ಲೆಕ್ಕಕ್ಕೆ. ನಿಜ ಹೇಳಬೇಕು ಅಂದರೆ ನಮ್ಮ ಇಡ್ಲಿ ಪ್ರಾಜೆಕ್ಟ್‌ನಲ್ಲಿ ಇದು ಇರಲಿಲ್ಲ. ಒಂದೇ ಹಿಟ್ಟನ್ನು ಎರಡು ಪಾತ್ರೆಗೆ ಹಾಕಿ, ಒಂದನ್ನು ಬೆಚ್ಚಗೆ, ಒಂದನ್ನು ತಣ್ಣಗೆ ಇಡಬೇಕು ಅನ್ನೋದೇ ನಮಗೆ ಹೊಳೆದಿರಲಿಲ್ಲ. ಅವತ್ತು ರಿವ್ಯೂನಲ್ಲಿ ‘ಹೋಲಿಸೋಕೆ ಏನಿಟ್ಟಿದ್ದೀಯಮ್ಮ?’ ಅಂತ ಕೇಳಿದ್ದರೆ ನಾನು ತಲೆ ತಗ್ಗಿಸ್ತಿದ್ದೆ, ಆದರೆ ಏನೋ ಒಂದು ಕಲಿತು ಹೊರಗೆ ಬರ್ತಿದ್ದೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಎರಡನೇ ವರ್ಷದ ಮಿನಿ ಪ್ರಾಜೆಕ್ಟ್‌ನ ಮೊದಲ ರಿವ್ಯೂನಲ್ಲಿ ‘ಅಪ್ಲಿಕೇಶನ್’ ಸ್ಲೈಡ್ ತೆಗೆದು ಎರಡು ಪ್ರಶ್ನೆ ಹಾಕಿ. ‘ನಿಮ್ಮ ಪ್ರಶ್ನೆ ಏನು?’, ‘ನೀವು ತಪ್ಪು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಸ್ಮಾರ್ಟ್ ಡಸ್ಟ್‌ಬಿನ್ ಮಾಡೋರು ಮಾಡಲಿ, ಅವರೂ ಈ ಎರಡಕ್ಕೆ ಉತ್ತರ ಕೊಡಲಿ. ಅಪ್ಲಿಕೇಶನ್ ಬೇಕಿದ್ದರೆ ಕೊನೆಯ ರಿವ್ಯೂನಲ್ಲಿ ಕೇಳಿ, ಆಗ ಸಿಕ್ಕಿದ್ದರೆ ಹೇಳ್ತೀವಿ. ಸಿಗದಿದ್ದರೆ ಸಿಗಲಿಲ್ಲ ಅಂತ ಹೇಳೋಕೆ ಬಿಡಿ. ಈ ಪತ್ರಿಕೆ ಓದೋ ಮೇಷ್ಟ್ರುಗಳು ದಯವಿಟ್ಟು ಯೋಚನೆ ಮಾಡಬೇಕು.

ಕೊನೆಗೆ ಒಂದು ಸುದ್ದಿ. ಸೆಮಿಸ್ಟರ್ ರಜೆಯಲ್ಲಿ ಡಸ್ಟ್‌ಬಿನ್‌ನ ಸೆನ್ಸರ್ ಬಿಚ್ಚಿಕೊಂಡು ಊರಿಗೆ ಹೋಗಿದ್ದೆ. ಈ ಸಲ ಪಾತ್ರೆ ಎರಡು. ಒಂದು ಒಲೆ ಪಕ್ಕ, ಇನ್ನೊಂದು ಹಿತ್ತಲ ಬಾಗಿಲ ಹತ್ತಿರ. ಮೊದಲ ರಾತ್ರಿ ಹಬೆ ಕೂತು ಸೆನ್ಸರ್ ಏನೇನೋ ತೋರಿಸ್ತು, ಡೇಟಾ ಎಲ್ಲಾ ವೇಸ್ಟ್. ಮುಚ್ಚಳಕ್ಕೆ ತೂತು ಮಾಡಿದ್ದಕ್ಕೆ ಅಮ್ಮನ ಹತ್ತಿರ ಬೈಸಿಕೊಂಡಿದ್ದು ಬೇರೆ. ಮೂರನೇ ರಾತ್ರಿ ಸರಿಯಾದ ಗ್ರಾಫ್ ಬಂತು. ಎರಡೂ ಪಾತ್ರೆಯಲ್ಲಿ ಹಿಟ್ಟು ಮೊದಲು ಗಂಟೆಗಟ್ಟಲೆ ಅಲ್ಲಾಡದೆ ಕೂತು ಆಮೇಲೆ ಏರಿತ್ತು. ತಣ್ಣಗಿದ್ದದ್ದು ಏರೋಕೆ ಶುರು ಮಾಡೋ ಹೊತ್ತಿಗೆ ಒಲೆ ಪಕ್ಕದ್ದು ಹೆಚ್ಚುಕಮ್ಮಿ ಮುಗಿಸಿತ್ತು. ಮೂರು ರಾತ್ರಿಯಲ್ಲಿ ಒಂದೇ ಒಳ್ಳೇ ರೀಡಿಂಗ್, ಇದರಿಂದ ಏನನ್ನೂ ಖಚಿತವಾಗಿ ಹೇಳೋಕಾಗಲ್ಲ ಅಂತ ಗೊತ್ತು.

ಅಮ್ಮನಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಗೆರೆಗಳನ್ನೂ ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ಹಾಗಾದ್ರೆ ನಾಳೆ ಎಷ್ಟು ಗಂಟೆಗೆ ರುಬ್ಬಲಿ?’